ದುಲ್ಹನ್‌ಳ ರಕ್ತ ಬೆಂಗಳೂರಿಗೆ ಹೋದದ್ದು

ಸಹೋದರಿಯರೇ, ನಿಮ್ಮ ಮನೆಯ ಕಪಾಟನ್ನು ಒಮ್ಮೆ ತೆರೆದು ನೋಡಿ. ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡುಗಳ ನಡುವೆ ಟಿ3, ಟಿ4, ಟಿಎಸ್‌ಎಚ್ ಎಂದು ಬರೆದ ಒಂದು ಹಾಳೆ ಇದ್ದೀತು. ನಿಮ್ಮದಲ್ಲದಿದ್ದರೆ ನಿಮ್ಮ ಸೊಸೆಯದ್ದೋ ಖಾಲಾರದ್ದೋ ಆಗಿರಬಹುದು. ಆ ಹಾಳೆಯ ಅಂಕೆಯನ್ನು ನೋಡಿ ಡಾಕ್ಟರು ಮಾತ್ರೆಯನ್ನು 50ರಿಂದ 75ಕ್ಕೆ ಏರಿಸುತ್ತಾರೆ, ನಾವು ನುಂಗುತ್ತೇವೆ. ಆ ಅಂಕೆ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ನಾನೂ ಕೇಳಿದವಳಲ್ಲ. ನಮ್ಮ ಮನೆಗೆ ಆ ಅಂಕೆ ಬರುವುದು ನಾಲ್ಕು ತಿಂಗಳು ತಡವಾಯಿತು. ತಡ ಮಾಡಿದವರಲ್ಲಿ ನಾನೂ ಒಬ್ಬಳು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಮಳವಳ್ಳಿ, ಕೊಟ್ಟದ್ದು ಮದ್ದೂರಿಗೆ. ಮನೆಯವರದು ಎಳನೀರು ವ್ಯಾಪಾರ. ನನ್ನ ಚಿಕ್ಕ ತಮ್ಮನಿಗೆ ಮಂಡ್ಯದಿಂದ ಹೆಣ್ಣು ತಂದೆವು. ಮನೆಯಲ್ಲಿ ಎಲ್ಲರೂ ಅವಳನ್ನು ದುಲ್ಹನ್ ಎಂದೇ ಕರೆಯುವುದು. ಈಗ ಅವಳ ಮಗಳಿಗೇ ಮದುವೆಯಾಗಿದೆ, ಆದರೂ ಅವಳು ದುಲ್ಹನ್ನೇ. ಬಂದ ಹೊಸತರಲ್ಲಿ ಎಷ್ಟು ಚುರುಕು ಎಂದರೆ, ಫಜರ್ ನಮಾಝ್ ಮುಗಿಸಿ ಅಮ್ಮಿ ಅಡುಗೆಮನೆಗೆ ಬರುವಷ್ಟರಲ್ಲಿ ಹತ್ತು ಜನರ ರೊಟ್ಟಿ ಮುಗಿದಿರುತ್ತಿತ್ತು.

2001ರಲ್ಲಿ ಹೆಣ್ಣು ಮಗು ಹುಟ್ಟಿತು. ಅಲ್ಲಿಂದ ಅವಳು ಬೇರೆಯೇ ಹೆಂಗಸಾದಳು. ಒಮ್ಮೆಲೇ ಆದದ್ದಲ್ಲ, ಸ್ವಲ್ಪ ಸ್ವಲ್ಪವಾಗಿ. ಮಗು ಅಳುತ್ತಿದ್ದರೂ ಎಚ್ಚರವಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಹರಿದರೂ ನೋಡುತ್ತಾ ನಿಂತಿರುತ್ತಾಳೆ. ಮುಖ ಊದಿಕೊಂಡಿತು, ತಲೆ ಬಾಚಿದರೆ ಹಿಡಿ ಹಿಡಿ ಕೂದಲು, ದನಿ ಗಂಡಸರಂತೆ ದಪ್ಪ. ಮಳವಳ್ಳಿಯ ಏಪ್ರಿಲ್ ಬಿಸಿಲು ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು. ಆ ಬಿಸಿಲಲ್ಲಿ ಅವಳು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ನಾವು ನಕ್ಕೆವು.

ನಗುವುದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. 2003ರ ಬಕ್ರೀದ್ ದಿನ, ಮನೆ ತುಂಬಾ ನೆಂಟರಿರುವಾಗ, ಅವಳು ಪಾತ್ರೆಗಳ ಮುಂದೆ ಕುಳಿತಲ್ಲೇ ತೂಕಡಿಸಿದಳು. ನಾನು ಎಲ್ಲರಿಗೂ ಕೇಳುವಂತೆ ಅಂದೆ, “ತವರಿನಲ್ಲಿ ಸೊಂಟ ಬಗ್ಗಿಸಿ ಅಭ್ಯಾಸವಿಲ್ಲ, ಪಾಪ!” ಕೆಲವರು ನಕ್ಕರು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಕೋಪ ಮಾಡಿಕೊಳ್ಳಲಿಕ್ಕೂ ಶಕ್ತಿ ಬೇಕಲ್ಲವೇ? ಅದೂ ಅವಳಲ್ಲಿ ಇರಲಿಲ್ಲ.

ಅದಾಗಿ ಕೆಲವು ವಾರಗಳಿಗೆ ದುಲ್ಹನ್ ಮದ್ದೂರಿಗೆ ನಮ್ಮ ಮನೆಗೆ ಬಂದಿದ್ದಳು. ನನ್ನ ಮಗನಿಗೆ ಜ್ವರ. ಪರಿಚಯದ ಲೇಡಿ ಡಾಕ್ಟರ ಹತ್ತಿರ ಹೋಗುವಾಗ ಜೊತೆಗಿರಲಿ ಎಂದು ಅವಳನ್ನೂ ಕರೆದುಕೊಂಡು ಹೋದೆ. ಡಾಕ್ಟರು ಹುಡುಗನಿಗೆ ಔಷಧಿ ಬರೆದುಕೊಟ್ಟು, ಪೆನ್ನು ಕೆಳಗಿಡದೆ ಅವಳನ್ನೇ ನೋಡುತ್ತಿದ್ದರು. “ಇವರು ಯಾರು?” ಎಂದರು. ಕೂರಿಸಿ, ಕೈ ಮುಟ್ಟಿ, ಕುತ್ತಿಗೆ ಮುಟ್ಟಿ, ಹಿಮ್ಮಡಿಯ ಮೇಲೆ ಚಿಕ್ಕ ಸುತ್ತಿಗೆಯಿಂದ ತಟ್ಟಿದರು. ಪಾದ ಒಮ್ಮೆ ಕುಣಿದು, ವಾಪಸು ಬರುವುದಕ್ಕೆ ನಿಧಾನಿಸಿತು. “ಹುಡುಗನ ಜ್ವರ ನಾಳಿದ್ದು ಇಳಿಯುತ್ತೆ. ಇವರಿಗೆ ಥೈರಾಯ್ಡ್ ಇರಬಹುದು. ಮಂಡ್ಯಕ್ಕೆ ಹೋಗಿ ರಕ್ತ ಕೊಡಿಸಿ” ಎಂದು ಚೀಟಿ ಬರೆದರು.

ಮಂಡ್ಯದ ಒಂದು ಲ್ಯಾಬಿಗೆ ಅಮ್ಮಿ, ತಮ್ಮ, ದುಲ್ಹನ್, ನಾನು ನಾಲ್ವರೂ ಹೋದೆವು. ಅಲ್ಲಿದ್ದ ಹುಡುಗ ಚೀಟಿ ನೋಡಿ, “ಇದು ಇಲ್ಲಿ ಆಗಕಿಲ್ಲ ಕಣಕ್ಕ. ಬೆಂಗ್ಳೂರಿಗೆ ಕಳಿಸ್ತೀವಿ. ಅಲ್ಲಿ ರೇಡಿಯೋ ಐಸೋಟೋಪು ಹಾಕಿ ನೋಡ್ತಾರೆ” ಎಂದ. ಪಾಪ, ಅವನು ತನಗೆ ಗೊತ್ತಿದ್ದನ್ನು ಹೇಳಿದ. ನಮಗೆ ಅಷ್ಟು ಸಾಕಾಯಿತು.

ಅಮ್ಮಿಗೆ ರೇಡಿಯೋ ಎಂದರೆ ಆಕಾಶವಾಣಿ. ತಮ್ಮ ಪೇಪರ್ ಓದುವವನು. “ಅಮ್ಮೀ, ಇದು ಆ ರೇಡಿಯೋ ಅಲ್ಲ. ಪೋಖ್ರಾನ್‌ನಲ್ಲಿ ಸಿಡಿಸಿದರಲ್ಲ, ಕೈಗಾದಲ್ಲಿ ಇದೆಯಲ್ಲ, ಅದು” ಎಂದ. ಅಮ್ಮಿ ದುಲ್ಹನ್‌ಳ ಕೈ ಹಿಡಿದು ಎಬ್ಬಿಸಿಬಿಟ್ಟರು. “ಮಗುವಿಗೆ ಇನ್ನೂ ಹಾಲು ಕುಡಿಸುವ ಹೆಣ್ಣು. ಮುಂದೆ ಮಕ್ಕಳಾಗಬೇಕು. ಬಾಂಬಿನ ಔಷಧಿ ಮೈಗೆ ಹಾಕಿಸುವುದೇ? ಬೇಡ ಬೇಟಿ, ನಡೆ.” ನಾನು ಅಡ್ಡ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ, ಸೋಮಾರಿತನಕ್ಕೆ ಬೆಂಗಳೂರಿನ ಪರೀಕ್ಷೆಯೇ ಎಂದು ನನ್ನ ಮನಸ್ಸಿನಲ್ಲೂ ಇತ್ತು. ಎಲ್ಲರೂ ಬಸ್ಸು ಹತ್ತಿದೆವು. ಕೆ.ಎಂ.ದೊಡ್ಡಿಯಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಬಸ್ಸು ನಿಂತಿತು. ಅಷ್ಟು ಹೊತ್ತೂ ಅವಳು ಕಿಟಕಿಗೆ ತಲೆ ಆನಿಸಿಕೊಂಡು ನಿದ್ದೆ ಮಾಡಿದಳು.

ಆ ನಾಲ್ಕು ತಿಂಗಳಲ್ಲಿ ಅವಳಿಗೆ ಗರ್ಭ ನಿಂತಿತು. ಹತ್ತನೇ ವಾರದಲ್ಲಿ ಹೋಯಿತು. ಥೈರಾಯ್ಡ್‌ನಿಂದಲೇ ಹೋಯಿತೇ ಎಂದು ನಾನು ಆಮೇಲೆ ಡಾಕ್ಟರನ್ನು ಕೇಳಿದೆ. ಒಂದು ಗರ್ಭದ ಬಗ್ಗೆ ಹಾಗೆ ಖಚಿತವಾಗಿ ಹೇಳಲಾಗುವುದಿಲ್ಲ, ಆದರೆ ಚಿಕಿತ್ಸೆಯಿಲ್ಲದ ಥೈರಾಯ್ಡ್ ಕೊರತೆಯಲ್ಲಿ ಗರ್ಭ ಹೋಗುವ ಅಪಾಯ ಹೆಚ್ಚು ಎಂದರು. ಆ ಉತ್ತರ ನನ್ನ ಜೊತೆ ಈಗಲೂ ಇದೆ.

ಆಮೇಲೆ ನಾವು ಮತ್ತೆ ಹೋದೆವು. ಮದ್ದೂರಿನ ಡಾಕ್ಟರು ಅಮ್ಮಿಯನ್ನೇ ಕೂರಿಸಿಕೊಂಡು ಹೇಳಿದರು, “ಅಮ್ಮಾ, ಆ ವಸ್ತು ನಿಮ್ಮ ಸೊಸೆಯ ಮೈಗೆ ಬರುವುದಿಲ್ಲ. ರಕ್ತ ಇವಳಿಂದ ಹೊರಗೆ ಬಂದ ಮೇಲೆ, ಬೆಂಗಳೂರಿನಲ್ಲಿ, ಗಾಜಿನ ಕೊಳವೆಯಲ್ಲಿ ಸೇರಿಸುತ್ತಾರೆ. ಇವಳಿಗೆ ಚುಚ್ಚುವುದು ಖಾಲಿ ಸೂಜಿ ಮಾತ್ರ.” ಇಷ್ಟೇ ಮಾತು. ಇದನ್ನು ನಾಲ್ಕು ತಿಂಗಳ ಹಿಂದೆ ಯಾರಾದರೂ ಹೇಳಿದ್ದರೆ! ಅಥವಾ ನಾವು ಕೇಳಿದ್ದರೆ.

ಆದರೂ ಒಂದೇ ಸಲಕ್ಕೆ ಆಗಲಿಲ್ಲ. ಮೊದಲ ಸಲ ಕೊಟ್ಟ ರಕ್ತ ಎಲ್ಲೋ ಬಿಸಿಲಲ್ಲಿ ಎರಡು ದಿನ ಕುಳಿತು ಕೆಟ್ಟಿತೆಂದು ಹೇಳಿ, ಮತ್ತೊಮ್ಮೆ ಬರಲು ಹೇಳಿದರು. ಮತ್ತೆ ಬಸ್ಸು, ಮತ್ತೆ ಸೂಜಿ. ಹತ್ತು ದಿನಕ್ಕೆ ರಿಪೋರ್ಟ್ ಬಂತು. ಟಿಎಸ್‌ಎಚ್ ನಾಲ್ಕರ ಆಸುಪಾಸಿನ ಒಳಗಿರಬೇಕು. ಇವಳದು ‘100ಕ್ಕಿಂತ ಹೆಚ್ಚು’ ಎಂದು ಬರೆದಿತ್ತು. ಎಷ್ಟು ಹೆಚ್ಚು ಎಂದು ಬರೆದಿರಲಿಲ್ಲ.

ಟಿಎಸ್‌ಎಚ್ ಎಂದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ಕರೆ. ಥೈರಾಯ್ಡ್ ಕೆಲಸ ಮಾಡದಿದ್ದರೆ ಕರೆ ಜೋರಾಗುತ್ತದೆ. ಒಳಗೆ ಆ ಗ್ರಂಥಿ ಇಷ್ಟು ಕೂಗುತ್ತಿತ್ತು, ಹೊರಗೆ ನಾನು ಬಕ್ರೀದ್ ದಿನ ನೆಂಟರ ಮುಂದೆ ಕೂಗಿದೆ. ಕೆಲಸ ಮಾಡುತ್ತಿಲ್ಲ ಎಂದೇ ಇಬ್ಬರ ದೂರು. ಆದರೆ ಅದು ಗ್ರಂಥಿಯನ್ನು ಕೂಗಿತು, ನಾನು ಹುಡುಗಿಯನ್ನು.

ಈ ಪರೀಕ್ಷೆ ನಡೆಯುವುದು ಹೇಗೆ ಎಂದು ನನಗೆ ಬಿಡಿಸಿ ಹೇಳಿದವಳು ನನ್ನ ಮಗಳು. ಅವಳು ಮುಂದೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡಿದಳು. ಈ ಮನೆಕಥೆಯೂ ಅದಕ್ಕೆ ಒಂದು ಕಾರಣ ಎನ್ನುತ್ತಾಳೆ.

ಮೊದಲು, ಅಳೆಯಬೇಕಾದದ್ದು ಎಷ್ಟು ಎಂದು ತಿಳಿದುಕೊಳ್ಳಿ. ನಮ್ಮ ಕನ್ನಂಬಾಡಿ ಕಟ್ಟೆ ತುಂಬಿದಾಗ ಸುಮಾರು 49 ಟಿಎಂಸಿ ನೀರು. ಅದಕ್ಕೆ ನಮ್ಮ ಆಲೆಮನೆಯಿಂದ 15 ಕೆ.ಜಿ. ಬೆಲ್ಲ ತಂದು ಕರಗಿಸಿ. ಆ ನೀರಿನಲ್ಲಿ ಬೆಲ್ಲ ಎಷ್ಟಿರುತ್ತದೋ, ನಮ್ಮ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಟಿ4 ಹಾರ್ಮೋನು ಹೆಚ್ಚು ಕಡಿಮೆ ಅಷ್ಟೇ. ಮಗಳು ಕಾಗದದ ಮೇಲೆ ಸೊನ್ನೆಗಳನ್ನು ಬರೆದು ಲೆಕ್ಕ ಹಾಕಿ ತೋರಿಸಿದಳು. ಕಟ್ಟೆಯ ನೀರನ್ನು ಒಂದು ಚಮಚ ತಂದು ಅದರಲ್ಲಿ ಬೆಲ್ಲ ಎಷ್ಟಿದೆ ಹೇಳಿ ಎಂದರೆ ಯಾವ ತಕ್ಕಡಿ ಹೇಳೀತು?

ತಕ್ಕಡಿಯಿಂದ ಆಗದ್ದನ್ನು ಪೈಪೋಟಿಯಿಂದ ಮಾಡುತ್ತಾರೆ. ವಲೀಮಾ ಊಟವನ್ನು ನೆನೆಸಿಕೊಳ್ಳಿ. ಹಾಲ್‌ನಲ್ಲಿ ನೂರು ಕುರ್ಚಿ. ಈ ಕುರ್ಚಿಗಳು ಒಂದೇ ಮನೆತನದವರನ್ನು ಕೂರಿಸಿಕೊಳ್ಳುತ್ತವೆ, ಬೇರೆಯವರು ಬಂದರೆ ಜಾರಿಸಿಬಿಡುತ್ತವೆ. ಕುರ್ಚಿ ಎಂದರೆ ಪ್ರತಿಕಾಯ, ಆಂಟಿಬಾಡಿ. ನೀವು ನಿಮ್ಮ ಕಡೆಯಿಂದ ಅದೇ ಮನೆತನದ ನೂರು ಜನರನ್ನು ಹೊಳೆಯುವ ಬ್ಯಾಡ್ಜ್ ಹಾಕಿ ಒಳಗೆ ಬಿಡುತ್ತೀರಿ. ಅವರು ವಿಕಿರಣದ ಗುರುತು ಹಚ್ಚಿದ ಹಾರ್ಮೋನು. ಅವರ ಜೊತೆಗೇ ರೋಗಿಯ ರಕ್ತದಲ್ಲಿರುವ ಹಾರ್ಮೋನನ್ನೂ ಬಿಡುತ್ತೀರಿ. ಅವರೂ ಅದೇ ಮನೆತನ, ಆದರೆ ಬ್ಯಾಡ್ಜ್ ಇಲ್ಲ, ಎಷ್ಟು ಜನ ಎಂದೂ ಗೊತ್ತಿಲ್ಲ. ಎಲ್ಲರೂ ಕುರ್ಚಿಗೆ ನುಗ್ಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ನಿಂತವರನ್ನೆಲ್ಲ ಹೊರಗೆ ಕಳಿಸಿ, ಕುಳಿತವರಲ್ಲಿ ಬ್ಯಾಡ್ಜ್ ಹೊಳೆಯುವವರನ್ನು ಎಣಿಸಿ. ಬ್ಯಾಡ್ಜ್ ಕಡಿಮೆ ಇದ್ದರೆ, ಬ್ಯಾಡ್ಜ್ ಇಲ್ಲದವರು ಹೆಚ್ಚು ಜನ ಬಂದಿದ್ದಾರೆ ಎಂದರ್ಥ. ಬ್ಯಾಡ್ಜ್ ಹೆಚ್ಚಿದ್ದರೆ ಅವರು ಕಡಿಮೆ. ಮೊದಲೇ ಗೊತ್ತಿರುವ ಅಳತೆಗಳನ್ನು ಇದೇ ರೀತಿ ಹಾಯಿಸಿ ಒಂದು ಗೆರೆ ಬರೆದಿಟ್ಟುಕೊಂಡಿರುತ್ತಾರೆ. ರೋಗಿಯ ಎಣಿಕೆ ಆ ಗೆರೆಯ ಎಲ್ಲಿ ಕೂರುತ್ತದೆ ಎಂದು ನೋಡಿದರೆ ಅಂಕೆ ಸಿಕ್ಕಿತು.

ಟಿಎಸ್‌ಎಚ್‌ಗೆ ಇನ್ನೊಂದು ಬಗೆ ಬಂತು. ಅದರಲ್ಲಿ ಎರಡು ಪ್ರತಿಕಾಯಗಳು ಹಾರ್ಮೋನನ್ನು ಎರಡು ಕಡೆಯಿಂದ ಹಿಡಿಯುತ್ತವೆ, ಗುರುತು ಎರಡನೆಯದರ ಮೇಲೆ ಇರುತ್ತದೆ. ಅಲ್ಲಿ ಹೊಳಪು ಹೆಚ್ಚಿದಷ್ಟೂ ಹಾರ್ಮೋನು ಹೆಚ್ಚು.

ಆ ಬ್ಯಾಡ್ಜ್ ಅಯೋಡಿನ್-125 ಎಂಬ ವಸ್ತು. ಸುಮಾರು 60 ದಿನಕ್ಕೆ ಅದರ ಅರ್ಧ ಹೊಳಪು ಹೋಗುತ್ತದೆ. ಹಾಗಾಗಿ ಕಿಟ್ ಹೆಚ್ಚು ದಿನ ಇಡುವಂತಿಲ್ಲ. ಒಬ್ಬಿಬ್ಬರಿಗಾಗಿ ತೆರೆಯುವಂತೆಯೂ ಇಲ್ಲ, ಒಂದಷ್ಟು ರಕ್ತ ಸೇರಲಿ ಎಂದು ಕಾಯುತ್ತಿದ್ದರು. ನಮ್ಮ ರಿಪೋರ್ಟ್‌ಗೆ ಹತ್ತು ದಿನ ಏಕಾಯಿತು ಎಂದು ನನಗೆ ತಿಳಿದದ್ದು ಆಗಲೇ. ನಮ್ಮ ದೇಶದಲ್ಲೇ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಇಂಥ ಕಿಟ್‌ಗಳನ್ನು ಸಿದ್ಧಪಡಿಸಿದರು. 1989ರಲ್ಲಿ ಆರಂಭವಾದ ‘ಬ್ರಿಟ್’ ಎಂಬ ಸರ್ಕಾರಿ ಸಂಸ್ಥೆ ಅವುಗಳನ್ನು ಆಸ್ಪತ್ರೆ, ಲ್ಯಾಬುಗಳಿಗೆ ಒದಗಿಸಿತು. ತಮ್ಮ ಹೇಳಿದ ಪೋಖ್ರಾನ್ ಮಾತು ಪೂರ್ತಿ ಸುಳ್ಳೂ ಅಲ್ಲ ನೋಡಿ. ಅಣು ವಿಜ್ಞಾನದ ಅದೇ ದೊಡ್ಡ ಮನೆಯಿಂದ ಈ ಚಿಕ್ಕ ಕೊಳವೆಯೂ ಬಂದದ್ದು.

ಈ ಉಪಾಯವನ್ನು ಕಂಡುಹಿಡಿದವರಲ್ಲಿ ಒಬ್ಬರು ಹೆಂಗಸು ಎಂದು ಮಗಳು ಹೇಳಿದಾಗ ನಾನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಕುಳಿತೆ. ರೊಸಾಲಿನ್ ಯಾಲೋ, 1921ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಬಡ ಯಹೂದಿ ಮನೆ, ತಂದೆ ತಾಯಿ ಹೈಸ್ಕೂಲನ್ನೂ ಕಂಡವರಲ್ಲ. ಭೌತಶಾಸ್ತ್ರ ಓದಬೇಕೆಂದರೆ, ಹೆಣ್ಣು, ಅದರಲ್ಲೂ ಯಹೂದಿ, ಕೆಲಸ ಯಾರು ಕೊಡುತ್ತಾರೆ, ಟೈಪಿಂಗ್ ಶಾರ್ಟ್‌ಹ್ಯಾಂಡ್ ಕಲಿ ಎಂದರು. ಅದನ್ನೂ ಕಲಿತರು. 1941ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಆ ವಿಭಾಗದ 400 ಮಂದಿಯಲ್ಲಿ ಇವರೊಬ್ಬರೇ ಹೆಂಗಸು. ಆಮೇಲೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕಸಗುಡಿಸುವವರು ಸಾಮಾನಿಡುವ ಒಂದು ಕೋಣೆಯೇ ಅವರ ಮೊದಲ ಪ್ರಯೋಗಾಲಯವಾಯಿತು. ಎರಡು ಮಕ್ಕಳ ತಾಯಿ. ತಮ್ಮ ಧರ್ಮದ ಆಹಾರ ನಿಯಮದಂತೆ ಮನೆಯ ಅಡುಗೆಯನ್ನೂ ನಡೆಸುತ್ತಿದ್ದರಂತೆ.

1950ರಲ್ಲಿ ಸಾಲೊಮನ್ ಬರ್ಸನ್ ಎಂಬ ಡಾಕ್ಟರು ಅವರ ಜೊತೆ ಸೇರಿದರು. ಇಬ್ಬರೂ ಇನ್ಸುಲಿನ್‌ಗೆ ವಿಕಿರಣದ ಗುರುತು ಹಚ್ಚಿ, ಅದು ದೇಹದಲ್ಲಿ ಎಷ್ಟು ಹೊತ್ತು ಇರುತ್ತದೆ ಎಂದು ನೋಡಿದರು. ಇನ್ಸುಲಿನ್ ಚುಚ್ಚಿಸಿಕೊಂಡು ಅಭ್ಯಾಸವಿದ್ದ ರೋಗಿಗಳಲ್ಲಿ ಅದು ಬೇಗ ಹೋಗುತ್ತಿರಲಿಲ್ಲ. ಆಗ ಇನ್ಸುಲಿನ್ ದನ, ಹಂದಿಗಳಿಂದ ಬರುತ್ತಿತ್ತು. ದೇಹ ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯ ಮಾಡಿಕೊಂಡಿದೆ, ಆ ಪ್ರತಿಕಾಯವೇ ಇನ್ಸುಲಿನ್ನನ್ನು ಹಿಡಿದಿಟ್ಟುಕೊಂಡಿದೆ ಎಂದು ಇವರು ಹೇಳಿದರು. ಅಷ್ಟು ಚಿಕ್ಕ ವಸ್ತುವಿಗೆ ಪ್ರತಿಕಾಯ ಹುಟ್ಟುವುದುಂಟೇ ಎಂದು ಪತ್ರಿಕೆಯವರು ಲೇಖನವನ್ನು ತಿರಸ್ಕರಿಸಿದರು. ಕೊನೆಗೆ ಶೀರ್ಷಿಕೆಯಿಂದ ‘ಪ್ರತಿಕಾಯ’ ಎಂಬ ಪದ ತೆಗೆದ ಮೇಲೆ 1956ರಲ್ಲಿ ಅಚ್ಚಾಯಿತು. ಯಾಲೋ ಆ ತಿರಸ್ಕಾರದ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. 1977ರಲ್ಲಿ ನೊಬೆಲ್ ಬಹುಮಾನ ಬಂದಾಗ ತಮ್ಮ ಉಪನ್ಯಾಸದಲ್ಲಿ ಅದನ್ನು ಎಲ್ಲರಿಗೂ ತೋರಿಸಿದರು! ನನಗೆ ಈ ಹೆಂಗಸು ಇಷ್ಟವಾದದ್ದು ಇಲ್ಲಿ. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು, ಬಹುಮಾನ ನೋಡಲಿಲ್ಲ. ಯಾಲೋ ತಮ್ಮ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಡಿಸಿದ್ದರು. ಈ ವಿಧಾನದ ಮೇಲೆ ಇಬ್ಬರೂ ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಯಾರು ಬೇಕಾದರೂ ಕಲಿಯಬಹುದಿತ್ತು. ಯಾಲೋ 2011ರಲ್ಲಿ ತೀರಿಕೊಂಡರು.

ಹೀಗೆ ದೇಹ ಇನ್ಸುಲಿನ್ನನ್ನು ಹಿಡಿದಿಟ್ಟ ಕೈಯನ್ನೇ ಅವರು ಅಳತೆಗೋಲಾಗಿ ಮಾಡಿಕೊಂಡರು. 1959-60ರಲ್ಲಿ ರಕ್ತದ ಇನ್ಸುಲಿನ್ನನ್ನು ಅಳೆದು ತೋರಿಸಿದರು. ಆಮೇಲೆ ಬೇರೆ ಹಾರ್ಮೋನುಗಳಿಗೂ ಇದೇ ದಾರಿ. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಕಾಗದದ ಮೇಲೆ ಒಂದೆರಡು ಹನಿ ರಕ್ತ ಒಣಗಿಸಿ ಇದೇ ವಿಧಾನದಲ್ಲಿ ನೋಡತೊಡಗಿದರು. ಥೈರಾಯ್ಡ್ ಇಲ್ಲದೆ ಹುಟ್ಟಿದ ಮಗುವಿಗೆ ಮೊದಲ ವಾರಗಳಲ್ಲೇ ಮಾತ್ರೆ ಕೊಟ್ಟರೆ ಅದು ಎಲ್ಲ ಮಕ್ಕಳಂತೆ ಬೆಳೆಯುತ್ತದೆ, ತಡವಾದರೆ ಬುದ್ಧಿ ಬೆಳೆಯುವುದಿಲ್ಲ. ನಮ್ಮಲ್ಲಿ ಎಲ್ಲ ಆಸ್ಪತ್ರೆಗಳಲ್ಲೂ ಇದು ತಾನಾಗಿಯೇ ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಹೆರಿಗೆ ಇದ್ದರೆ ಬಾಯಿಬಿಟ್ಟು ಕೇಳಿ.

ಇನ್ನು, ಅಮ್ಮಿಯ ಹೆದರಿಕೆಯನ್ನು ನಾನು ಪೂರ್ತಿ ಮೂರ್ಖತನ ಎನ್ನುವುದಿಲ್ಲ. ಥೈರಾಯ್ಡ್ ಸ್ಕ್ಯಾನ್ ಎಂದು ಮಾಡುವುದುಂಟು, ಥೈರಾಯ್ಡ್ ಹೆಚ್ಚಾದವರಿಗೆ ರೇಡಿಯೋ ಅಯೋಡಿನ್ ಕುಡಿಸುವ ಚಿಕಿತ್ಸೆಯೂ ಉಂಟು. ಅವುಗಳಲ್ಲಿ ವಸ್ತು ಮೈಯೊಳಗೆ ಹೋಗುತ್ತದೆ. ಗರ್ಭಿಣಿಯರು, ಹಾಲುಣಿಸುವವರು ಅದನ್ನು ಮೊದಲೇ ಹೇಳಲೇಬೇಕು. ರಕ್ತ ಪರೀಕ್ಷೆಯ ಮಾತು ಬೇರೆ. ಇಷ್ಟಕ್ಕೂ ಈಗ ಹೆಚ್ಚಿನ ಲ್ಯಾಬುಗಳಲ್ಲಿ ವಿಕಿರಣವೇ ಇಲ್ಲ. ಬ್ಯಾಡ್ಜ್ ಬದಲಾಗಿದೆ, ಬೆಳಕು ಕೊಡುವ ರಾಸಾಯನಿಕ ಬಂದಿದೆ. ನಿಮ್ಮ ರಿಪೋರ್ಟ್‌ನ ಮೂಲೆಯಲ್ಲಿ ‘ಸಿಎಲ್‌ಐಎ’ ಎಂದು ಇದ್ದರೆ ಅದೇ. ಕುರ್ಚಿ ಮಾತ್ರ ಯಾಲೋ ಕಾಲದ್ದೇ, ಪ್ರತಿಕಾಯ.

ಹೊಸ ವಿಧಾನಕ್ಕೂ ಅದರದೇ ತೊಡಕಿದೆ. ಕೂದಲು ಉದುರುತ್ತದೆ ಎಂದು ನಮ್ಮ ಹೆಣ್ಣುಮಕ್ಕಳು ಬಯೋಟಿನ್ ಮಾತ್ರೆ ನುಂಗುತ್ತಾರಲ್ಲ, ಕೆಲವು ಯಂತ್ರಗಳಲ್ಲಿ ಅದು ಲೆಕ್ಕ ತಪ್ಪಿಸುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. 2017ರಲ್ಲಿ ಅಮೆರಿಕದ ಔಷಧ ಇಲಾಖೆಯೇ ಈ ಬಗ್ಗೆ ಎಚ್ಚರಿಸಿತು. ಥೈರಾಯ್ಡ್ ಕಡಿಮೆಯಾಗಿ ಕೂದಲು ಉದುರುವುದು, ಅದಕ್ಕೆ ಬಯೋಟಿನ್ ನುಂಗುವುದು, ಬಯೋಟಿನ್‌ನಿಂದ ಥೈರಾಯ್ಡ್ ಸರಿಯಿದೆ ಎಂದು ರಿಪೋರ್ಟ್ ಬರುವುದು! ರಕ್ತ ಕೊಡುವ ಮುಂಚೆ ನೀವು ನುಂಗುವ ಮಾತ್ರೆಗಳನ್ನೆಲ್ಲ ಹೇಳಿ. ಎರಡು ದಿನ ಮೊದಲೇ ಅದನ್ನು ನಿಲ್ಲಿಸಲು ಹೇಳುವುದುಂಟು.

ದುಲ್ಹನ್‌ಗೆ ಮಾತ್ರೆ ಶುರುವಾಯಿತು. ಮೂರನೇ ವಾರ ಸ್ವೆಟರ್ ತೆಗೆದಳು. ಎರಡು ತಿಂಗಳಿಗೆ ಮತ್ತೆ ರಕ್ತ ಕಳಿಸಿದೆವು, ಅಂಕೆ ಇಳಿದಿತ್ತು, ಮಾತ್ರೆ ಹೆಚ್ಚಿಸಿದರು. ಒಂದು ದಿನ ನಾನು ತವರಿಗೆ ಹೋದಾಗ ಅಡುಗೆಮನೆಯಿಂದ ಅವಳ ದನಿ ಕೇಳಿಸಿತು, ಹಳೆಯ ದನಿ, ಮಗಳನ್ನು ಗದರುತ್ತಿದ್ದಳು. ಅಮ್ಮಿ ಬಾಗಿಲಲ್ಲಿ ನಿಂತು ಕೇಳುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದರು. 2005ರಲ್ಲಿ ಅವಳಿಗೆ ಗಂಡು ಮಗು ಹುಟ್ಟಿತು. ಗರ್ಭ ನಿಂತ ತಿಂಗಳಿಂದಲೇ ಮತ್ತೆ ಮತ್ತೆ ರಕ್ತ ಕೊಟ್ಟಳು. ಬಸಿರಿನಲ್ಲಿ ಈ ಮಾತ್ರೆ ಹೆಚ್ಚು ಬೇಕಾಗುತ್ತದೆ, ಹುಟ್ಟುವ ಮಗುವಿನ ಮೆದುಳಿಗೂ ತಾಯಿಯ ಹಾರ್ಮೋನೇ ಆಧಾರ. ಪ್ರತಿ ಸಲವೂ ಮಂಡ್ಯಕ್ಕೆ ಜೊತೆಯಲ್ಲಿ ಹೋದವರು ಅಮ್ಮಿಯೇ. “ರೇಡಿಯೋಗೆ ಕೊಟ್ಟು ಬರುತ್ತೇವೆ” ಎಂದು ಹೇಳಿ ಹೊರಡುತ್ತಿದ್ದರು.

ನಾನು ಅವಳಲ್ಲಿ ಮಾಫಿ ಕೇಳಿದೆನೇ ಎಂದು ನೀವು ಕೇಳಬಹುದು. ಕೇಳಿದೆ, ಆದರೆ ತುಂಬಾ ತಡವಾಗಿ, ಬೇರೆ ಮಾತಿನ ನಡುವೆ ಸೇರಿಸಿ. “ಬಿಡಿ ಆಪಾ, ನನಗೇ ನಾನು ಸೋಮಾರಿ ಅನಿಸಿತ್ತು” ಎಂದಳು. ನಾನು ಅಂದ ಮಾತಿಗಿಂತ ಅದು ನನಗೆ ಹೆಚ್ಚು ನೋಯಿಸಿತು.

ಕಳೆದ ವರ್ಷ ನನಗೆ ಮೆಟ್ಟಿಲು ಹತ್ತಿದರೆ ಸುಸ್ತು, ಮಧ್ಯಾಹ್ನ ಕುಳಿತಲ್ಲೇ ನಿದ್ದೆ. ವಯಸ್ಸಾಯಿತು ಎಂದುಕೊಂಡೆ. ಮಗಳು ಬಿಡಲಿಲ್ಲ. ಬೆಳಿಗ್ಗೆ ಮಂಡ್ಯದಲ್ಲಿ ರಕ್ತ ಕೊಟ್ಟದ್ದು, ಸಂಜೆಯೊಳಗೆ ಫೋನಿಗೆ ರಿಪೋರ್ಟ್. ಟಿಎಸ್‌ಎಚ್ 11ರ ಮೇಲೆ. ಮನೆಯಲ್ಲಿ ಯಾರಿಗೂ ಹೇಳುವ ಮುಂಚೆ ಮಳವಳ್ಳಿಗೆ ಫೋನ್ ಮಾಡಿದೆ.

“ಖಾಲಿ ಹೊಟ್ಟೆಯಲ್ಲಿ ನುಂಗಿ ಆಪಾ” ಎಂದಳು ದುಲ್ಹನ್. “ನುಂಗಿ ಅರ್ಧ ಗಂಟೆಯಾದರೂ ಚಹಾ ಮುಟ್ಟಬೇಡಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಇದ್ದರೆ ನಾಲ್ಕು ಗಂಟೆ ಬಿಟ್ಟು. ರಮಝಾನಿನಲ್ಲಿ ನಾನು ಸಹರಿಗೆ ಎದ್ದ ತಕ್ಷಣ ನುಂಗಿಬಿಡುತ್ತೇನೆ, ಆಮೇಲೆ ಅಡುಗೆ ಬಿಸಿ ಮಾಡುತ್ತೇನೆ. ನಿಮಗೆ ಹೇಗೆ ಎಂದು ಡಾಕ್ಟರನ್ನು ಕೇಳಿ.” ಬಕ್ರೀದಿನ ಮಾತನ್ನು ಅವಳು ಎತ್ತಲಿಲ್ಲ. ಸ್ವಲ್ಪ ತಡೆದು, “ರಾತ್ರಿಯೇ ಲೋಟದಲ್ಲಿ ನೀರು ತುಂಬಿಸಿ ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮರೆತು ಚಹಾ ಕುಡಿದುಬಿಡುತ್ತೀರಿ” ಎಂದಳು. ಇಟ್ಟುಕೊಳ್ಳುತ್ತಿದ್ದೇನೆ.